ಕೆರೆಯ ಪಾಚಿಗೆ ನ್ಯಾನೋ ಪುಡಿ ಬಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಒಂದು ಕಾಲೇಜಿನ ಲ್ಯಾಬಿನಲ್ಲಿ ನಾನು ಪಾಚಿ ಬೆಳೆಸುತ್ತೇನೆ. ಹಾಗಂದರೆ ಸಾಕು, ಜನ ನಗುತ್ತಾರೆ. "ಪಾಚಿ ಬೆಳೆಸೋಕೆ ಸಂಬಳ ಬೇರೆ ಕೊಡ್ತಾರಾ? ನಮ್ಮನೆ ಸಂಪಿಗೆ ಬನ್ನಿ, ಬಿಟ್ಟಿ ಸಿಗುತ್ತೆ" ಅಂತ ನೆಂಟರೊಬ್ಬರು ಮದುವೆ ಊಟದ ಪಂಕ್ತಿಯಲ್ಲೇ ಹೇಳಿದ್ದರು. ಬೆಳೆಸಿದ ಪಾಚಿಗೆ ಜಿಂಕ್ ಆಕ್ಸೈಡ್, ತಾಮ್ರದ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್‌ನಂಥ ನ್ಯಾನೋ ಪುಡಿ ಹಾಕಿ, ಅದು ಬದುಕುತ್ತದಾ ಸಾಯುತ್ತದಾ ನೋಡುವುದು ನನ್ನ ಕೆಲಸ. ವಿದ್ಯಾರ್ಥಿಗಳು, ತೋಟದವರು, ಮೀನು ಸಾಕುವವರು ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ನ್ಯಾನೋ ಕಣ ಅಂದರೆ ಎಷ್ಟು ಸಣ್ಣದು?

ಒಂದು ಮೀಟರನ್ನು 100 ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ಒಂದು ನ್ಯಾನೋಮೀಟರ್. 1ರಿಂದ 100 ನ್ಯಾನೋಮೀಟರ್ ಒಳಗಿನ ಕಣಗಳಿಗೆ ನ್ಯಾನೋ ಕಣ ಅನ್ನುತ್ತಾರೆ. ನಮ್ಮ ತಲೆಕೂದಲು ಸುಮಾರು 80,000 ನ್ಯಾನೋಮೀಟರ್ ದಪ್ಪ.

ಆದರೆ ಇಲ್ಲಿ ವಿಷಯ ಗಾತ್ರದ್ದಲ್ಲ, ಮೇಲ್ಮೈಯದು. ಇಡೀ ಕಾಫಿ ಬೀಜವನ್ನು ಬಿಸಿನೀರಿಗೆ ಹಾಕಿ ಕೂತರೆ ಡಿಕಾಕ್ಷನ್ ಇಳಿಯುವುದಿಲ್ಲ. ಅದನ್ನೇ ಪುಡಿ ಮಾಡಿಸಿ ಫಿಲ್ಟರಿಗೆ ಹಾಕಿದರೆ ಇಳಿಯುತ್ತದೆ. ಪುಡಿ ಸಣ್ಣ ಆದಷ್ಟೂ ನೀರಿಗೆ ತಾಗುವ ಮೈ ಜಾಸ್ತಿ. 30 ನ್ಯಾನೋಮೀಟರ್ ಗಾತ್ರದ ಜಿಂಕ್ ಆಕ್ಸೈಡ್ 3 ಗ್ರಾಂ ತೆಗೆದುಕೊಂಡು, ಎಲ್ಲ ಕಣಗಳ ಮೈಯನ್ನೂ ಸುಲಿದು ಹಾಸಿದರೆ ಒಂದು 30-40 ಸೈಟು ಹೆಚ್ಚುಕಮ್ಮಿ ಮುಚ್ಚುತ್ತದೆ. ಲೆಕ್ಕ ನಾನೇ ಹಾಕಿದ್ದು. ಮೊದಲ ಸಲ ನನಗೂ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಹಾಕಿದೆ.

ಇವೆಲ್ಲ ನಮ್ಮ ಹಳ್ಳ, ಕೆರೆಗೆ ಬರೋದು ಎಲ್ಲಿಂದ?

ಗೋಡೆಯ ಬಣ್ಣ, ಸನ್‌ಸ್ಕ್ರೀನ್, ಕ್ರೀಮು, ರಬ್ಬರು, ಸೆರಾಮಿಕ್ಸ್, ವಾಸನೆ ಬಾರದ ಬಟ್ಟೆ ಅಂತ ಮಾರುವ ಕೆಲವು ಬಟ್ಟೆ. ಪಟ್ಟಿ ಉದ್ದ ಇದೆ. 2008ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಕಟ್ಟಡಗಳ ಹೊರಗೋಡೆಗೆ ಬಡಿದು ಹರಿದ ಮಳೆನೀರು ಹಿಡಿದು ನೋಡಿದರು. ಬಣ್ಣದಲ್ಲಿದ್ದ ಟೈಟಾನಿಯಂ ಡೈಆಕ್ಸೈಡ್ ಕಣಗಳು ಆ ನೀರಿನಲ್ಲಿ ಸಿಕ್ಕವು. ವಿಯೆನ್ನಾದ ಒಂದು ಕೆರೆಯಲ್ಲಿ ಈಜುವವರ ಮೈಯಿಂದ ಸನ್‌ಸ್ಕ್ರೀನ್ ತೊಳೆದುಹೋಗಿ ಟೈಟಾನಿಯಂ ಸೇರುವುದನ್ನೂ ಪತ್ತೆ ಮಾಡಿದ್ದಾರೆ. ನಮ್ಮ ಕೆರೆಗೆ ಇಳಿಯುವ ಎಮ್ಮೆಗಳು ಸನ್‌ಸ್ಕ್ರೀನ್ ಹಚ್ಚಿಕೊಳ್ಳುವುದಿಲ್ಲ, ಅದು ಬೇರೆ ಮಾತು. ಆದರೆ ಮೂಡಿಗೆರೆ, ಸಕಲೇಶಪುರದ ಮಳೆ ಗೋಡೆಗೆ ಬಡಿಯುವ ರೀತಿ ನೋಡಿದವರಿಗೆ ಆ ಸ್ವಿಸ್ ಗೋಡೆಯ ಕಥೆ ಹೊಸದೇನಲ್ಲ.

ಊರಿನ ಚರಂಡಿ ನೀರು ಸರಿಯಾದ ಶುದ್ಧೀಕರಣ ಘಟಕ ದಾಟಿ ಬಂದರೆ ಈ ಕಣಗಳಲ್ಲಿ ಹೆಚ್ಚಿನವು ಅಲ್ಲಿನ ಕೆಸರಿನಲ್ಲೇ ಉಳಿಯುತ್ತವೆ. ನೇರವಾಗಿ ಕೆರೆಗೆ ಬಿಟ್ಟರೆ ತಡೆಯುವವರು ಯಾರು?

ಪಾಚಿ ಸತ್ತರೆ ಒಳ್ಳೇದೇ ಅಲ್ವಾ? ಮೆಟ್ಟಿಲ ಮೇಲೆ ಜಾರೋದಾದ್ರೂ ತಪ್ಪುತ್ತೆ.

ಇದನ್ನು ಕೇಳದ ಊರಿಲ್ಲ! ಕಲ್ಯಾಣಿ ಮೆಟ್ಟಿಲ ಮೇಲೆ ಜಾರಿ ಬಿದ್ದವರಿಗೆ ಪಾಚಿ ಅಂದರೆ ಕಂಟಕ. ಆದರೆ ಮೆಟ್ಟಿಲಿಗೆ ಅಂಟಿದ್ದು ಒಂದು ಜಾತಿ. ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದ ಪಾಚಿ ಬೇರೆ. ಭೂಮಿಯಲ್ಲಿ ಹುಟ್ಟುವ ಆಮ್ಲಜನಕದ ಸುಮಾರು ಅರ್ಧ ಪಾಲು ಸಮುದ್ರದ ಇಂಥ ತೇಲುಜೀವಿಗಳದ್ದೇ. ಕೆರೆಯಲ್ಲಿ ಪಾಚಿಯನ್ನು ನೀರುಚಿಗಟದಂಥ ಸಣ್ಣ ಹುಳು ತಿನ್ನುತ್ತದೆ, ಹುಳುವನ್ನು ಕಾಟ್ಲಾ ತಿನ್ನುತ್ತದೆ, ಕಾಟ್ಲಾ ನಮ್ಮ ಸಾರಿಗೆ ಬರುತ್ತದೆ. ಬೆಳ್ಳಿ ಗೆಂಡೆಯಂತೂ ನೇರವಾಗಿ ಪಾಚಿಯನ್ನೇ ಸೋಸಿ ತಿನ್ನುವ ಮೀನು.

ಇನ್ನೊಂದು ಅಪಾಯ ಇದೆ. ಕೆರೆಯ ಪಾಚಿ ಒಂದೇ ಸಲಕ್ಕೆ ಸತ್ತರೆ ಅದು ಕೊಳೆಯಬೇಕು. ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿ ಆಗುತ್ತದೆ, ಮೀನು ಬೆಳಗಿನ ಜಾವ ಬಾಯಿ ಮೇಲೆ ಮಾಡಿ ಸಾಯುತ್ತದೆ. ಕೆರೆ ನೀಲಿ-ಹಸಿರಾಗಿದ್ದರೆ ಅದು ನಿಜವಾದ ಪಾಚಿಯೇ ಅಲ್ಲ, ಒಂದು ಬಗೆಯ ಬ್ಯಾಕ್ಟೀರಿಯಾ. ಅದರಲ್ಲಿ ಕೆಲವು ಜಾತಿ ಮೈಯೊಳಗೆ ವಿಷ ಇಟ್ಟುಕೊಂಡಿರುತ್ತವೆ. ಕೊಂದರೆ ಅಷ್ಟೂ ವಿಷ ನೀರಿಗೆ ಬಿಡುತ್ತದೆ. ಹಾಗಾಗಿ "ಒಂದು ಹಿಡಿ ಏನಾದ್ರೂ ಎರಚಿ ಕ್ಲೀನ್ ಮಾಡಿಬಿಡೋಣ" ಅನ್ನುವವರಿಗೆ ನನ್ನ ಉತ್ತರ ಯಾವಾಗಲೂ ಒಂದೇ: ಬೇಡ. ಕೆರೆ ಹಸಿರಾಗೋದು ಗೊಬ್ಬರ ಮತ್ತು ಚರಂಡಿಯ ರಂಜಕ, ಸಾರಜನಕದಿಂದ. ಮೊದಲು ಅದನ್ನು ತಡೆಯಿರಿ.

ಸರಿ, ಈ ಪುಡಿ ಪಾಚಿಯನ್ನು ಕೊಲ್ಲೋದು ಹೇಗೆ?

ಒಂದು ದಾರಿ ಅಲ್ಲ, ನಾಲ್ಕೈದು ದಾರಿ ಇವೆ. ಯಾವ ಪುಡಿ ಯಾವ ದಾರಿ ಹಿಡಿಯುತ್ತದೆ ಅನ್ನುವುದರಲ್ಲೇ ಎಲ್ಲ ಗುಟ್ಟು.

ಮೊದಲನೆಯದು ಕರಗುವುದು. ಮನೆಯ ತಾಮ್ರದ ಬಿಂದಿಗೆ ನೆನಪಿಸಿಕೊಳ್ಳಿ. ಇಟ್ಟ ಕಡೆ ಇಟ್ಟರೆ ಕಂದುಗಪ್ಪು ಆಗುತ್ತದೆ. ಆ ಕಪ್ಪಿನಲ್ಲಿರುವುದು ಹೆಚ್ಚಾಗಿ ತಾಮ್ರದ ಆಕ್ಸೈಡೇ. ಅಜ್ಜಿ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದರೆ ಥಳಥಳ ಹೊಳೆಯುತ್ತದೆ. ಕಪ್ಪು ಎಲ್ಲಿಗೆ ಹೋಯಿತು? ಹುಳಿಯಲ್ಲಿ ಕರಗಿ ಅಯಾನು (ವಿದ್ಯುದಂಶ ಹೊತ್ತ ಲೋಹದ ಪರಮಾಣು) ಆಗಿ ತೊಳೆದ ನೀರಿಗೆ ಸೇರಿತು. ನ್ಯಾನೋ ಪುಡಿಯೂ ನೀರಿನಲ್ಲಿ ಹೀಗೇ ನಿಧಾನವಾಗಿ ಕರಗಿ ತಾಮ್ರ, ಸತುವಿನ ಅಯಾನು ಬಿಡುತ್ತದೆ. ಮೈ ದೊಡ್ಡದಾದ್ದರಿಂದ ಬೇಗ ಬಿಡುತ್ತದೆ. ಪಾಚಿಗೆ ಸತು, ತಾಮ್ರ ಎರಡೂ ಚೂರು ಬೇಕು. ಚೂರು ಜಾಸ್ತಿ ಆದರೆ ವಿಷ. 2007ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ನ್ಯಾನೋ ಜಿಂಕ್ ಆಕ್ಸೈಡ್, ಮಾಮೂಲಿ ಜಿಂಕ್ ಆಕ್ಸೈಡ್, ನೀರಿನಲ್ಲಿ ಪೂರ್ತಿ ಕರಗುವ ಜಿಂಕ್ ಕ್ಲೋರೈಡ್, ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಪಾಚಿಗೆ ಮೂರೂ ಒಂದೇ ಆಗಿದ್ದವು! ಅಂದರೆ ಕೊಂದದ್ದು ನ್ಯಾನೋ ಅಲ್ಲ, ಕರಗಿದ ಸತು. ನ್ಯಾನೋ ಅಂದ ಕೂಡಲೇ ಭೂತ ಕಾಣುವವರೂ, ನ್ಯಾನೋ ಅಂದ ಕೂಡಲೇ ಕೈ ಮುಗಿಯುವವರೂ ಈ ಫಲಿತಾಂಶವನ್ನು ಒಮ್ಮೆ ಓದಬೇಕು.

ಟೈಟಾನಿಯಂ ಡೈಆಕ್ಸೈಡ್ ಕರಗುವುದೇ ಇಲ್ಲ ಅನ್ನಬಹುದು. ಅದರ ಅಸ್ತ್ರ ಬೆಳಕು. ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಅದರ ಮೈಮೇಲೆ ಆಮ್ಲಜನಕದ ಉಗ್ರ ರೂಪಗಳು ಹುಟ್ಟಿ, ಪಾಚಿಯ ಪೊರೆಯ ಕೊಬ್ಬನ್ನು ಸುಡುತ್ತವೆ. ತಮಾಷೆ ಏನಂದರೆ, ಲ್ಯಾಬಿನಲ್ಲಿ ನಾವು ಬಳಸುವ ಎಲ್‌ಇಡಿ ದೀಪದಲ್ಲಿ ಅತಿನೇರಳೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಲ್ಲಿ ಸಾಧುವಾಗಿ ಕಂಡ ಪುಡಿ ಚೈತ್ರದ ಬಿಸಿಲಿನ ಕೆರೆಯಲ್ಲಿ ಸಾಧುವಾಗಿಯೇ ಇರುತ್ತದೆ ಅಂತ ಹೇಳಲಾಗುವುದಿಲ್ಲ.

ಮೂರನೆಯದು ಅಂಟುವುದು. ಮುದ್ದೆಗೆ ರಾಗಿ ಹಿಟ್ಟು ಹಾಕಿ ಸರಿಯಾಗಿ ತಿರುವದಿದ್ದರೆ ಗಂಟು ಕಟ್ಟುತ್ತದಲ್ಲ, ನ್ಯಾನೋ ಪುಡಿಯೂ ನೀರಿನಲ್ಲಿ ಹಾಗೇ ಗಂಟಾಗುತ್ತದೆ. ಕಟ್ಟುವಾಗ ಅಕ್ಕಪಕ್ಕದ ಪಾಚಿಯನ್ನೂ ಸೇರಿಸಿ ಕಟ್ಟುತ್ತದೆ. ಗಂಟಿನೊಳಗೆ ಸಿಕ್ಕ ಪಾಚಿಗೆ ಬೆಳಕಿಲ್ಲ, ಗಾಳಿಯಿಲ್ಲ. ಫ್ಲಾಸ್ಕ್ ಎತ್ತಿ ಬೆಳಕಿಗೆ ಹಿಡಿದರೆ ಇದು ಬರಿಗಣ್ಣಿಗೇ ಕಾಣುತ್ತದೆ: ಮೇಲೆ ತಿಳಿನೀರು, ತಳದಲ್ಲಿ ಬೂದಿ ಮೆತ್ತಿದ ಹಸಿರು ಚಕ್ಕೆಗಳು. ಅಲ್ಲಾಡಿಸಿದರೆ ಮೇಲೆದ್ದು ಮತ್ತೆ ಕೂರುತ್ತವೆ.

ನೀರು ಬಿಳಿಚಿ ನೆರಳು ಬೀಳುವುದು, ರಂಜಕವನ್ನು ಪುಡಿಯೇ ಹೀರಿಕೊಂಡು ಪಾಚಿಗೆ ಉಪವಾಸ ಬೀಳುವುದು, ಇವೂ ಇವೆ. ಕಣ ಪಾಚಿಯ ಒಳಗೇ ನುಗ್ಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಪಾಚಿಯ ಗೋಡೆಯ ರಂಧ್ರಗಳು ಸಾಮಾನ್ಯವಾಗಿ 5ರಿಂದ 20 ನ್ಯಾನೋಮೀಟರ್. ಗಂಟು ಕಟ್ಟಿದ ಪುಡಿ ಅದರಲ್ಲಿ ತೂರುವುದು ಕಷ್ಟ. ಹೊರಗೆ ನಿಂತೇ ಕೆಲಸ ಕೆಡಿಸುವುದು ಜಾಸ್ತಿ.

ಎಷ್ಟು ಹಾಕಿದರೆ ವಿಷ?

ಪಾಚಿಯ ಬೆಳವಣಿಗೆ ಅರ್ಧಕ್ಕೆ ಇಳಿಯುವ ಪ್ರಮಾಣವನ್ನು ಅಳತೆಗೋಲಾಗಿ ಇಟ್ಟುಕೊಳ್ಳುತ್ತೇವೆ. 2009ರಲ್ಲಿ ಎಸ್ಟೋನಿಯಾದಿಂದ ಬಂದ ಅಂಕಿಗಳು ಹೀಗಿವೆ. ನ್ಯಾನೋ ಜಿಂಕ್ ಆಕ್ಸೈಡ್: ಲೀಟರಿಗೆ 0.04 ಮಿಲಿಗ್ರಾಂ ಸತು. ತಾಮ್ರದ ಆಕ್ಸೈಡ್: ನ್ಯಾನೋ ಆದರೆ 0.71 ಮಿಲಿಗ್ರಾಂ ತಾಮ್ರ, ಮಾಮೂಲಿ ಪುಡಿ ಆದರೆ 11.55. ಟೈಟಾನಿಯಂ: ನ್ಯಾನೋ ಆದರೆ 5.83, ಮಾಮೂಲಿ ಆದರೆ 35.9. ಅಂದರೆ ಆಸ್ಟ್ರೇಲಿಯಾದವರು ಕಂಡ ಹಾಗೆ ಸತುವಿನ ವಿಷಯದಲ್ಲಿ ನ್ಯಾನೋ ಅನ್ನುವುದಕ್ಕೆ ಅರ್ಥವಿಲ್ಲ, ತಾಮ್ರದ ವಿಷಯದಲ್ಲಿ ಅರ್ಥ ಬಹಳ ಇದೆ.

ಆಸ್ಟ್ರೇಲಿಯಾದವರಿಗೆ ಸತುವಿನ ಅಂಕಿ 0.06 ಬಂದಿತ್ತು. ಅದನ್ನು ಮನೆ ಲೆಕ್ಕಕ್ಕೆ ತಂದರೆ 1000 ಲೀಟರಿನ ಟ್ಯಾಂಕಿಗೆ 75 ಮಿಲಿಗ್ರಾಂ ಜಿಂಕ್ ಆಕ್ಸೈಡ್, ಒಂದು ಚಿಟಿಕೆಗಿಂತ ಕಡಿಮೆ. ಇನ್ನೊಂದು ಹೋಲಿಕೆ ನೋಡಿ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಸತು ಲೀಟರಿಗೆ 5 ಮಿಲಿಗ್ರಾಂವರೆಗೆ ಇರಬಹುದು. ನಮಗೆ ಏನೂ ಆಗದ ಆ ನೀರು ಈ ಪಾಚಿಗೆ ಅರ್ಧ ಜೀವ ತೆಗೆಯುವ ಪ್ರಮಾಣದ 80 ಪಟ್ಟು! "ಕುಡಿಯೋಕೆ ಯೋಗ್ಯ ಅಂತ ರಿಪೋರ್ಟ್ ಬಂದಿದೆ, ಕೆರೆಗೆ ಬಿಟ್ಟರೇನು?" ಅನ್ನುವ ವಾದ ಇಲ್ಲೇ ಮುರಿದು ಬೀಳುತ್ತದೆ.

ಹಾಗಾದರೆ ಎಲ್ಲ ಲೋಹದ ಆಕ್ಸೈಡೂ ವಿಷವಾ?

ಅಲ್ಲ. ನಮ್ಮ ಮಲೆನಾಡಿನ ಮಣ್ಣು ಕೆಂಪಗಿರುವುದೇ ಕಬ್ಬಿಣದ ಆಕ್ಸೈಡಿನಿಂದ. ಅದರಲ್ಲಿ ನ್ಯಾನೋ ಗಾತ್ರದ ಕಣಗಳೂ ಧಾರಾಳ. ಮೊದಲ ಮಳೆಗೆ ಹಳ್ಳ ಕೆಂಪಾಗಿ ಹರಿಯುವಾಗ ಟನ್‌ಗಟ್ಟಲೆ ಲೋಹದ ಆಕ್ಸೈಡ್ ಹೋಗುತ್ತಿರುತ್ತದೆ. ಅದರಿಂದ ನೀರು ಮಬ್ಬಾಗಿ ಪಾಚಿಗೆ ಬೆಳಕು ಕಡಿಮೆ ಆಗಬಹುದು, ಆದರೆ ಸತು ತಾಮ್ರದಂಥ ವಿಷ ಅದಲ್ಲ.

ನಾವು ಎಲೆ ರಸದಿಂದ "ಹಸಿರು ವಿಧಾನ"ದಲ್ಲಿ ಜಿಂಕ್ ಆಕ್ಸೈಡ್ ಮಾಡಿದ್ದೇವೆ. ಇದು ನಿರಪಾಯ ಅಂತ ಪ್ರಾಜೆಕ್ಟ್‌ನಲ್ಲಿ ಬರೆಯಬಹುದಾ ಸರ್?

ಬರೆಯಬೇಡಿ. ಪ್ರತಿ ವರ್ಷ ಬೇವು, ತುಳಸಿ, ನುಗ್ಗೆ, ಕಾಫಿ ಎಲೆ ಅಂತ ಒಂದೊಂದು ಗುಂಪು ಬರುತ್ತದೆ. ಸೊಪ್ಪಿನ ರಸ ಬಳಸಿದ್ದು ಒಳ್ಳೆಯದೇ, ಕಟುವಾದ ರಾಸಾಯನಿಕ ಬಳಸುವುದು ತಪ್ಪಿತು. ಆದರೆ ಕೊನೆಗೆ ಬಟ್ಟಲಲ್ಲಿ ಕೂತಿರುವುದು ಜಿಂಕ್ ಆಕ್ಸೈಡ್ ತಾನೇ? ನೀರಿಗೆ ಬಿದ್ದರೆ ಸತು ಬಿಡುತ್ತದೆ. ಪಾಚಿ ನಿಮ್ಮ ಪ್ರಾಜೆಕ್ಟಿನ ಹೆಸರು ಓದುವುದಿಲ್ಲ. ದಹನ ವಿಧಾನದವರಿಗೂ ಇದೇ ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲರು 1980ರ ದಶಕದಲ್ಲಿ ಯೂರಿಯಾವನ್ನೇ ಇಂಧನ ಮಾಡಿಕೊಂಡು ಆಕ್ಸೈಡ್ ತಯಾರಿಸುವ ಸೊಗಸಾದ ದಾರಿ ತೋರಿಸಿದರು. ಲೋಹದ ನೈಟ್ರೇಟಿಗೆ ಯೂರಿಯಾ ಸೇರಿಸಿ ಮಫಲ್ ಫರ್ನೇಸಿಗೆ (ಲ್ಯಾಬಿನ ಕುಲುಮೆಗೆ) ಇಟ್ಟರೆ ಕೆಲವೇ ನಿಮಿಷದಲ್ಲಿ ಉಕ್ಕಿ, ಉರಿದು, ಹಗುರವಾದ ಪುಡಿ ಸಿದ್ಧ. ಹೇಗೆ ಮಾಡಿದಿರಿ ಅನ್ನುವುದು ಒಂದು ಪ್ರಶ್ನೆ. ನೀರಿನಲ್ಲಿ ಏನಾಗುತ್ತದೆ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಪರೀಕ್ಷೆ ಬೇಕು.

ಲ್ಯಾಬಿನ ಅಂಕಿ ನಮ್ಮ ಊರಿನ ನೀರಿಗೆ ಹೊಂದುತ್ತಾ?

ನಾನು ತಿರುಗಿ ಕೇಳುವುದು: ಯಾವ ಊರು?

ಹೇಮಾವತಿ ಬಲ್ಲಾಳರಾಯನ ದುರ್ಗದ ಕಡೆ ಹುಟ್ಟಿ ಮೂಡಿಗೆರೆ ಸೀಮೆ, ಸಕಲೇಶಪುರ ದಾಟಿ ಗೊರೂರಿನ ಅಣೆಕಟ್ಟಿಗೆ ಬರುತ್ತದೆ. ಮೇಲಿನ ಹಳ್ಳಗಳ ನೀರು ಮೆದು. ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ. ಅರಸೀಕೆರೆ, ಕಡೂರು ಕಡೆಯ ಬೋರ್‌ವೆಲ್ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಅಷ್ಟೇ ಜಿಂಕ್ ಆಕ್ಸೈಡನ್ನು ಎರಡೂ ನೀರಿಗೆ ಹಾಕಿದರೆ ಫಲ ಬೇರೆ ಬೇರೆ. ಗಡಸು ನೀರಿನ ಕ್ಯಾಲ್ಸಿಯಂ ಪಾಚಿಯ ಮೈಮೇಲೆ ಸತು ಕೂರಬೇಕಾದ ಜಾಗವನ್ನು ತಾನೇ ಹಿಡಿದುಕೊಳ್ಳುತ್ತದೆ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಪುಡಿಯೂ ಬೇಗ ಗಂಟು ಕಟ್ಟಿ ತಳ ಸೇರುತ್ತದೆ. ಮೆದು ನೀರಿನಲ್ಲಿ ಆ ರಕ್ಷಣೆ ಇಲ್ಲ. ನೀರು ಹುಳಿಯಾದಷ್ಟೂ ಜಿಂಕ್ ಆಕ್ಸೈಡ್ ಹೆಚ್ಚು ಕರಗುತ್ತದೆ.

ಮಲೆನಾಡಿನ ಪರವಾಗಿಯೂ ಒಂದು ಮಾತಿದೆ. ಕಾಡಿನ ಹಳ್ಳದಲ್ಲಿ ಎಲೆ ಕೊಳೆತು ನೀರು ಟೀ ಬಣ್ಣಕ್ಕೆ ತಿರುಗಿರುತ್ತದಲ್ಲ, ಆ ಬಣ್ಣದ ಹ್ಯೂಮಿಕ್ ಅಂಶ ಲೋಹದ ಅಯಾನನ್ನು ಹಿಡಿದಿಟ್ಟುಕೊಂಡು ವಿಷ ಇಳಿಸುತ್ತದೆ. ಪಾಚಿಯೂ ಸುಮ್ನೆ ಕೂರುವುದಿಲ್ಲ. ಲೋಳೆ ಬಿಟ್ಟು ಲೋಹವನ್ನು ಹೊರಗೇ ಅಂಟಿಸಿಕೊಳ್ಳುತ್ತದೆ. ಹಾಗಾಗಿ ಪುಡಿಯ ಪೊಟ್ಟಣದ ಮೇಲಿನ ಅಂಕಿ ನೋಡಿ ತೀರ್ಪು ಕೊಡಬೇಡಿ. ನೀರಿನ ಪಿಎಚ್, ಗಡಸುತನ, ಬಣ್ಣ ಮೂರನ್ನೂ ಬರೆದುಕೊಂಡು ಬನ್ನಿ, ಆಮೇಲೆ ಮಾತಾಡೋಣ.

ಕೊಳೆರೋಗ ಬರದಿರಲಿ ಅಂತ ತೋಟಕ್ಕೆ ಬೋರ್ಡೋ ದ್ರಾವಣ ಹೊಡೀತೀವಿ. ಅದೂ ತಾಮ್ರ ತಾನೇ?

ಹೌದು. ಇದು ನನಗೆ ನ್ಯಾನೋಗಿಂತ ಹೆಚ್ಚು ಚಿಂತೆ ಕೊಡುವ ವಿಷಯ. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಶೇ 1ರ ದ್ರಾವಣದಲ್ಲಿ ಲೀಟರಿಗೆ ಸುಮಾರು 2.5 ಗ್ರಾಂ ತಾಮ್ರ ಇರುತ್ತದೆ. ಗ್ರಾಂ, ಮಿಲಿಗ್ರಾಂ ಅಲ್ಲ! ಮೇಲೆ ಹೇಳಿದ 0.71 ಮಿಲಿಗ್ರಾಂ ಪಕ್ಕ ಇಟ್ಟು ನೋಡಿ. ಬೋರ್ಡೋದ ತಾಮ್ರ ನ್ಯಾನೋ ಆಕ್ಸೈಡ್ ರೂಪದಲ್ಲಿ ಇರುವುದಿಲ್ಲ, ಸುಣ್ಣದ ಜೊತೆ ಸೇರಿ ಬಹುಪಾಲು ಕರಗದ ರೂಪದಲ್ಲಿ ಎಲೆಗೆ ಅಂಟಿಕೊಳ್ಳುತ್ತದೆ. ಆದರೂ ತಾಮ್ರ ತಾಮ್ರವೇ. ಕೆರೆಯ ಪಾಚಿ ತೆಗೆಯಲು ಮೈಲುತುತ್ತ ಹಾಕಿ ಅಂತ ಅಮೆರಿಕದ ಕೃಷಿ ಇಲಾಖೆಯವರು 1904ರಲ್ಲೇ ಹೇಳಿದ್ದರು.

ಕೊಳೆರೋಗ ಬಂದರೆ ಅಡಿಕೆ ಉದುರುತ್ತದೆ. ಔಷಧಿ ಹೊಡೆಯಬೇಡಿ ಅಂತ ಹೇಳುವ ಧೈರ್ಯ ನನಗಿಲ್ಲ, ನಮ್ಮದೂ ಚೂರು ತೋಟ ಇದೆ. ಕೇಳಿಕೊಳ್ಳುವುದು ಒಂದೇ: ಡ್ರಮ್ಮು, ಔಷಧಿ ಹೊಡೆಯುವ ಗಟರ್ ಪಂಪು, ಪೈಪನ್ನು ಹಳ್ಳಕ್ಕೆ ಇಳಿಸಿ ತೊಳೆಯಬೇಡಿ. ನೀರಿನಿಂದ ದೂರ, ತೋಟದ ಮಣ್ಣಿನ ಮೇಲೇ ತೊಳೆಯಿರಿ. ಮಣ್ಣು ತಾಮ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಹಳ್ಳ ಹಿಡಿಯುವುದಿಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರಿನ ಕಥೆ ಬೇರೆ, ಅದು ಹುಳಿ, ಕೊಳೆತರೆ ಆಮ್ಲಜನಕ ನುಂಗುತ್ತದೆ. ಅದನ್ನು ಹಳ್ಳಕ್ಕೆ ಬಿಡುವುದಂತೂ ಬೇಡವೇ ಬೇಡ.

ನ್ಯಾನೋ ಯೂರಿಯಾವೂ ಇದೇ ಗುಂಪಾ?

ಅಲ್ಲ. ಅದರಲ್ಲಿರುವುದು ಸಾರಜನಕ, ಲೋಹದ ಆಕ್ಸೈಡ್ ಅಲ್ಲ. ಹೆಸರು ಒಂದೇ ಅಂತ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಪರೀಕ್ಷೆ ಮಾಡೋದು ಹೇಗೆ? ನಮ್ಮ ಕಾಲೇಜಿನಲ್ಲೂ ಆಗುತ್ತಾ?

ಆಗುತ್ತದೆ, ತಾಳ್ಮೆ ಇದ್ದರೆ. ಜಗತ್ತಿನೆಲ್ಲೆಡೆ ಹೆಚ್ಚು ಬಳಸುವ ಪಾಚಿಯ ಹೆಸರು ರಾಫಿಡೋಸೆಲಿಸ್ ಸಬ್‌ಕ್ಯಾಪಿಟಾಟ. ಬಿದಿಗೆ ಚಂದ್ರನ ಆಕಾರ. 1959ರಲ್ಲಿ ನಾರ್ವೆಯ ನಿಟೆಲ್ವಾ ಹೊಳೆಯಿಂದ ತೆಗೆದ ತಳಿ ಇವತ್ತಿಗೂ ಲ್ಯಾಬಿನಿಂದ ಲ್ಯಾಬಿಗೆ ಹೆಪ್ಪಿನ ಹಾಗೆ ಹೋಗುತ್ತಿದೆ. ಸೂಕ್ಷ್ಮ ಲೋಕದಲ್ಲಿ ಬೇಕಾದಷ್ಟು ಜಾಗ ಇದೆ ಅಂತ ಅಮೆರಿಕದ ಭೌತವಿಜ್ಞಾನಿ ಫೈನ್‌ಮನ್ ಭಾಷಣ ಮಾಡಿದ್ದೂ ಅದೇ 1959ರಲ್ಲಿ. ಪಾಚಿಗೂ ನ್ಯಾನೋಗೂ ಜಾತಕ ಅಲ್ಲೇ ಕೂಡಿತ್ತೇನೋ. ಈ ರಾಫಿಡೋಸೆಲಿಸ್ ಸಿಗದಿದ್ದರೆ ಕ್ಲೋರೆಲ್ಲಾ ಅನ್ನುವ ಪಾಚಿ ಆದೀತು.

ಫ್ಲಾಸ್ಕ್‌ನಲ್ಲಿ ಪೋಷಕ ದ್ರಾವಣ, ಪಾಚಿ, ಬೇರೆ ಬೇರೆ ಪ್ರಮಾಣದ ಪುಡಿ. ಪುಡಿ ಹಾಕದ ಫ್ಲಾಸ್ಕ್ ಕೂಡ ಬೇಕು. 21ರಿಂದ 24 ಡಿಗ್ರಿ, ನಿಲ್ಲದ ಬೆಳಕು, ಅಲ್ಲಾಡಿಸುತ್ತಾ 72 ಗಂಟೆ. ಪುಡಿ ಹಾಕದ ಫ್ಲಾಸ್ಕ್‌ನಲ್ಲಿ ಪಾಚಿ ಕಡೇಪಕ್ಷ 16 ಪಟ್ಟು ಆಗಿರಬೇಕು. ಇಲ್ಲದಿದ್ದರೆ ಪರೀಕ್ಷೆಯೇ ಲೆಕ್ಕಕ್ಕಿಲ್ಲ. ನಮ್ಮಲ್ಲಿ ಒಮ್ಮೆ ಶನಿವಾರ ರಾತ್ರಿ ಕರೆಂಟು ಹೋಯಿತು. ಯುಪಿಎಸ್ ಬೆಳಗಿನ ಜಾವದವರೆಗೂ ಎಳೆಯಲಿಲ್ಲ. ಸೋಮವಾರ ಬಂದು ನೋಡಿದರೆ ಎಲ್ಲ ಫ್ಲಾಸ್ಕೂ ಒಂದೇ ತಿಳಿ ಬಣ್ಣ. ಪುಡಿ ಹಾಕದ್ದೂ ಹಾಗೇ ಇತ್ತು. ಒಂದು ವಾರದ ಕೆಲಸ ಸಿಂಕಿನ ಪಕ್ಕದ ಕ್ಯಾನಿಗೆ ಹೋಯಿತು.

ಎಣಿಸುವಾಗಲೂ ಮೋಸ ಹೋಗಬಹುದು. ಸೂಕ್ಷ್ಮದರ್ಶಕದ ಕೆಳಗೆ ಪುಡಿಯ ಗಂಟು ಪಾಚಿಯಷ್ಟೇ ದೊಡ್ಡದಾಗಿ ಕಾಣುತ್ತದೆ. ನನ್ನ ಮೊದಲ ಟೈಟಾನಿಯಂ ಪರೀಕ್ಷೆಯಲ್ಲಿ ಪುಡಿ ಜಾಸ್ತಿ ಹಾಕಿದಷ್ಟೂ ಪಾಚಿ ಜಾಸ್ತಿ ಬೆಳೆದಿತ್ತು! ಎರಡು ದಿನ ಖುಷಿಯಲ್ಲಿದ್ದೆ. ಆಮೇಲೆ ಗೊತ್ತಾಯಿತು, ಎಣಿಸಿದ್ದು ಪುಡಿಯನ್ನು. ಈಗ ಪಾಚಿಯ ಪತ್ರಹರಿತ್ತು ಹಿಂಡಿ ತೆಗೆದು ಅದನ್ನೇ ಅಳೆಯುತ್ತೇನೆ.

ಇನ್ನೆರಡು ಕಿವಿಮಾತು. ಪುಡಿ ನೆನೆಸಿದ ನೀರನ್ನು ಸೋಸಿ, ಕಣ ತೆಗೆದು, ಬರಿ ನೀರಿನಲ್ಲೂ ಪಾಚಿ ಬೆಳೆಸಿ ನೋಡಿ. ಕೊಂದದ್ದು ಕಣವಾ ಕರಗಿದ ಲೋಹವಾ ಅನ್ನುವುದು ಆಗಲೇ ತಿಳಿಯುವುದು. ಪೋಷಕ ದ್ರಾವಣದಲ್ಲಿ ಇಡಿಟಿಎ ಎಷ್ಟಿದೆ ಅಂತಲೂ ನೋಡಿಕೊಳ್ಳಿ. ಅದು ಲೋಹವನ್ನು ಹಿಡಿದುಬಿಡುತ್ತದೆ, ವಿಷ ಇದ್ದರೂ ಇಲ್ಲದ ಹಾಗೆ ಕಾಣುತ್ತದೆ.

ಪರೀಕ್ಷೆ ಮುಗಿದ ಮೇಲೆ ಉಳಿದ ಪುಡಿ, ನೀರನ್ನು ಏನು ಮಾಡೋದು?

ಸಿಂಕಿಗೆ ಸುರಿಯಬೇಡಿ. ಮುಚ್ಚಳ ಇರುವ ಪ್ಲಾಸ್ಟಿಕ್ ಕ್ಯಾನಿಗೆ ಹಾಕಿ, ಒಳಗೆ ಏನಿದೆ, ಎಷ್ಟಿದೆ, ಯಾವ ದಿನ ಅಂತ ಚೀಟಿ ಅಂಟಿಸಿ, ರಾಸಾಯನಿಕ ತ್ಯಾಜ್ಯದ ಜೊತೆ ಕಳಿಸಿ. ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಇಂಕು ಹಾಸನದ ಒಂದು ಮಳೆಗಾಲಕ್ಕೂ ಬಾಳುವುದಿಲ್ಲ.